ಯುರೋಪಿನ ಚಳಿಗಾಲವನ್ನು ನಾನು ದುಪ್ಪಟ್ಟು ಮಾಡಿದ ವರ್ಷ

ವರ್ಷಕ್ಕೊಂದು ಸಲ, ನವೆಂಬರಿನ ಯಾವುದೋ ಒಂದು ಬೆಳಿಗ್ಗೆ, ಟೆಕ್ಸಾಸ್‌ನ ರೌಂಡ್ ರಾಕ್‌ನ ನಮ್ಮ ಮನೆಯಲ್ಲಿ ಏನೋ ಸುಟ್ಟ ವಾಸನೆ ಬರುತ್ತದೆ. ಏಳೆಂಟು ತಿಂಗಳು ಸುಮ್ಮನೆ ಬಿದ್ದಿದ್ದ ಹೀಟರ್ ಹಾಕಿದಾಗ ಅದರೊಳಗೆ ಕೂತ ಧೂಳು ಸುಡುವ ವಾಸನೆ. ಹತ್ತು ನಿಮಿಷದಲ್ಲಿ ಹೋಗಿಬಿಡುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಪ್ರತಿ ವರ್ಷ ಸ್ಟೌವ್ ನೋಡುತ್ತೇನೆ, ಇಸ್ತ್ರಿಪೆಟ್ಟಿಗೆ ನೋಡುತ್ತೇನೆ, ಗ್ಯಾರೇಜಿಗೆ ಹೋಗಿ ಕಾರಿನ ಬಾನೆಟ್ ಮುಟ್ಟಿ ಬರುತ್ತೇನೆ. ಮೊನ್ನೆಯೂ ಹೋಗಿ ಬಂದೆ. ಮಗಳು ಅನಘಾ ತಟ್ಟೆಯಿಂದ ತಲೆಯೆತ್ತದೆ, "ಅಮ್ಮಾ, ಇಟ್ಸ್ ಜಸ್ಟ್ ಡಸ್ಟ್. ಎವ್ರಿ ಇಯರ್," ಅಂದಳು. ನನ್ನ ಗಂಡ ಶ್ರೀಧರ್, "ಬಾನೆಟ್ ಮುಟ್ಟಿ ಬಂದ್ಯಾ? ಸರಿ, ಹಾಗಾದ್ರೆ ಚಳಿಗಾಲ ಶುರುವಾಯ್ತು ಅಂತ ಲೆಕ್ಕ," ಅಂದರು.

ಆ ವಾಸನೆ ಬಂದಾಗೆಲ್ಲ ನನಗೆ ನೆನಪಾಗುವುದು ಈ ಮನೆಯಲ್ಲ, ಜರ್ಮನಿಯ ಒಂದು ಸಣ್ಣ ಊರಿನ ಕಾರ್ಖಾನೆ. ಅದನ್ನು ನಾನು ಇವತ್ತಿನವರೆಗೂ ಕಣ್ಣಾರೆ ನೋಡಿಲ್ಲ. ನೋಡದೆಯೇ ಅದನ್ನು ಮುಚ್ಚಿಸಲು ಹೊರಟಿದ್ದೆ, ಅದೂ ಬರೀ ಚಿಂತೆ ಮಾಡಿ.

ಆಗ ನಾನು ಆಸ್ಟಿನ್ನಿನ ದಿ ಡೊಮೇನ್ ಎಂಬ ಬಡಾವಣೆಯಲ್ಲಿದ್ದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಟ್ಟಡಗಳ ಬಿಸಿ ತಂಪು ನೋಡಿಕೊಳ್ಳುವ ಕಂಟ್ರೋಲ್ ಪೆಟ್ಟಿಗೆಗಳನ್ನು ಮಾಡುವ ಕಂಪನಿ ಅದು. ಮುಖ್ಯ ಕಚೇರಿ ಡಾಲಸ್‌ನಲ್ಲಿ. ಮೈಸೂರಿನ ಕಾಲೇಜಿನಲ್ಲಿ ಎಂಟು ವರ್ಷ ಅರ್ಥಶಾಸ್ತ್ರ ಪಾಠ ಹೇಳಿ, ಇಲ್ಲಿಗೆ ಬಂದು ಮಕ್ಕಳ ವಯಸ್ಸಿನವರ ಪಕ್ಕ ಕೂತು ಮತ್ತೆ ಓದಿ, ಕೊನೆಗೆ ಸಿಕ್ಕಿದ ಕೆಲಸ. ಮೂರು ತಿಂಗಳಿಗೊಮ್ಮೆ ಯುರೋಪಿನ ಆರ್ಥಿಕ ಸ್ಥಿತಿ ಹೇಗಿದೆ, ಮುಂದೆ ನಮ್ಮ ಪೆಟ್ಟಿಗೆಗಳು ಅಲ್ಲಿ ಎಷ್ಟು ಹೋಗಬಹುದು ಅಂತ ಬರೆದು ಕೊಡಬೇಕು. ಕೊನೆಯಲ್ಲಿ ಮೂರು ಸಾಲು: ಸಾಧಾರಣ, ಕೆಟ್ಟದ್ದು, ತೀರಾ ಕೆಟ್ಟದ್ದು. ಪ್ರತಿ ಸಾಲಿಗೂ ಮಾರಾಟ ಎಷ್ಟು ಬೀಳಬಹುದು ಅಂತ ಒಂದೊಂದು ಅಂಕಿ. ಚಿಂತೆ ಮಾಡುವುದಕ್ಕೆ ಸಂಬಳ ಕೊಡುತ್ತಾರೆ ಅಂತ ಗೊತ್ತಾದಾಗ ನಮ್ಮಮ್ಮ ಫೋನಿನಲ್ಲಿ, "ಅಯ್ಯೋ, ಅದನ್ನ ನೀನು ಮನೇಲಿ ಪುಕ್ಕಟೆ ಮಾಡ್ತಿದ್ಯಲ್ಲೇ!" ಅಂದಿದ್ದರು.

ನನ್ನ ಮೊದಲ ಬಾಸ್ ಡಾಲಸ್‌ನ ವೇಯ್ನ್. ಸಾವಧಾನದ ಮನುಷ್ಯ, ನಿವೃತ್ತಿಗೆ ಹತ್ತಿರವಿದ್ದವರು. ನನ್ನ ಮೊದಲ ವರದಿ ಓದಿ, "ಸುಮಾ, ನಿಮ್ಮ ಮೂರನೇ ಸಾಲು ಓದಿದ ಮೇಲೆ ಮನೆಗೆ ಹೋಗಿ ಮೊಮ್ಮಕ್ಕಳನ್ನ ತಬ್ಬಿಕೊಂಡೆ. ಇನ್ನು ಮೇಲೆ ಅರ್ಧ ಕಳೆದು ಓದ್ತೀನಿ, ತಪ್ಪು ತಿಳ್ಕೋಬೇಡಿ," ಅಂದರು. ತಪ್ಪು ತಿಳಿಯಲಿಲ್ಲ. ಮುಂದಿನ ವರದಿಯಿಂದ ಮೂರನೇ ಸಾಲನ್ನು ದುಪ್ಪಟ್ಟು ಮಾಡಿ ಬರೆಯತೊಡಗಿದೆ. ಅವರು ಅರ್ಧ ಕಳೆದರೆ ಸರಿಯಾದದ್ದೇ ಅವರಿಗೆ ಮುಟ್ಟುತ್ತದಲ್ಲ.

ಇದು ಮೋಸ ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಇದು ನಮ್ಮವರ ಹಳೆಯ ವಿದ್ಯೆ. ನಮ್ಮ ಕನ್ನಡ ಸಂಘದ ಕಾರ್ಯಕ್ರಮ ಐದೂವರೆಗೆ ಶುರುವಾಗಬೇಕಿದ್ದರೆ ಕರೆಯೋಲೆಯಲ್ಲಿ ನಾಲ್ಕು ಗಂಟೆ ಅಂತ ಹಾಕುತ್ತೇವೆ. ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು, ಎಲ್ಲರೂ ಐದೂಕಾಲಿಗೆ ಸರಿಯಾಗಿ ಬರುತ್ತಾರೆ. ಒಂದು ವರ್ಷ ಮಾತ್ರ ಯೂನಿವರ್ಸಿಟಿಗೆ ಹೊಸದಾಗಿ ಸೇರಿದ್ದ ಕಲಬುರಗಿಯ ಹುಡುಗಿಯೊಬ್ಬಳು ನಾಲ್ಕಕ್ಕೆ ಸರಿಯಾಗಿ ಬಂದು, ಕಾರ್ಯಕ್ರಮ ನಡೆಯಬೇಕಿದ್ದ, ಬೀಗ ಹಾಕಿದ ಸ್ಕೂಲಿನ ಮುಂದೆ, ಸೆಪ್ಟೆಂಬರಿನ ಬಿಸಿಲಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದಳು. ನಾನು ಬೀಗ ತೆಗೆಯಲು ಹೋದಾಗ ಅವಳ ಮುಖವೆಲ್ಲ ಕೆಂಪಾಗಿತ್ತು. "ನಾಕಕ್ಕ ಅಂತ ಬರ್ದೀರಲ್ರಿ ಆಂಟಿ? ನಾ ಓದಿದ್ದು ತಪ್ಪಾತೇನ್ರಿ?" ಅಂತ ಕೇಳಿದಳು. ಓದಿದ್ದು ಸರಿಯಾಗಿಯೇ ಇತ್ತು. ನಾನು ಮಾತು ತೇಲಿಸಿ ಬೀಗ ತೆಗೆದೆ.

ನಾನು ಹೇಳುತ್ತಿರುವ ವರ್ಷ, ಸಾಂಕ್ರಾಮಿಕ ಮುಗಿಯಿತು ಅಂತ ಎಲ್ಲರೂ ಮಾಸ್ಕ್ ಬಿಸಾಕಿ, ಇನ್ನೇನು ಹಳೆಯ ಕಾಲ ವಾಪಸ್ ಬರುತ್ತದೆ ಅಂದುಕೊಂಡಿದ್ದ ಬೇಸಿಗೆ. ಜೂನ್‌ನಲ್ಲಿ ವೇಯ್ನ್ ನಿವೃತ್ತರಾದರು. ಅವರ ಜಾಗಕ್ಕೆ ಹ್ಯೂಸ್ಟನ್ನಿನ ಡೆನೀಸ್ ಬಂದರು. ಗ್ಯಾಸ್ ವ್ಯವಹಾರದಲ್ಲಿ ಇಪ್ಪತ್ತು ವರ್ಷ ಕಳೆದವರು, ಕೂತಿರುವುದೂ ಹ್ಯೂಸ್ಟನ್ ಆಫೀಸಿನಲ್ಲೇ. ಬರೆದದ್ದನ್ನು ಬರೆದ ಹಾಗೆ ಓದುವವರು.

ಆ ಬೇಸಿಗೆ ಟೆಕ್ಸಾಸ್‌ನಲ್ಲಿ ಹುಲ್ಲು ಹುರಿದ ಸೇವಿಗೆಯ ಬಣ್ಣಕ್ಕೆ ತಿರುಗಿತ್ತು. ಕಾರಿನ ಸ್ಟಿಯರಿಂಗ್ ಹಿಡಿಯಲು ಟವೆಲ್ ಬೇಕು. ಅಂಥ ಬಿಸಿಲಲ್ಲಿ ನಾನು ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಯುರೋಪಿನ ಚಳಿಗಾಲದ ಬಗ್ಗೆ ಚಿಂತಿಸುತ್ತಿದ್ದೆ. ಅಲ್ಲಿನ ನೆಲಮಾಳಿಗೆಯ ಉಗ್ರಾಣಗಳಲ್ಲಿ ಗ್ಯಾಸ್ ಎಷ್ಟು ತುಂಬಿದೆ ಅಂತ ನೋಡಿಯೇ ಹಲ್ಲುಜ್ಜುವುದು. ಪೂರ್ವದಲ್ಲಿ ಯುದ್ಧ ಶುರುವಾಗಿ ಪೈಪಿನ ಗ್ಯಾಸ್ ಕಡಿಮೆಯಾಗುತ್ತ ಬಂದಿತ್ತು.

ಚಿಂತೆಗೆ ಕಾರಣ ಇರಲಿಲ್ಲ ಅಂತಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಅಮೆರಿಕ ಜನರನ್ನು ಕೆಲಸದಿಂದ ಹೋಗಲು ಬಿಟ್ಟು ಅವರ ಮನೆಗೆ ಚೆಕ್ ಕಳಿಸಿತು. ಯುರೋಪಿನ ಬಹುಪಾಲು ದೇಶಗಳು ಬೇರೆ ದಾರಿ ಹಿಡಿದವು: ಯಾರನ್ನೂ ತೆಗೆಯಬೇಡಿ, ಅರ್ಧ ದಿನ ಕೆಲಸ ಕೊಡಿ, ಉಳಿದರ್ಧದ ಸಂಬಳದಲ್ಲಿ ದೊಡ್ಡ ಪಾಲು ನಾವು ಕೊಡುತ್ತೇವೆ ಅಂದವು. ದಿ ಡೊಮೇನ್‌ನ ನಮ್ಮ ಸಾಲಿನಲ್ಲಿ ಅರ್ಧ ಮೇಜು ಒಂದೇ ವಾರದಲ್ಲಿ ಖಾಲಿಯಾಗಿ, ಒಂದು ವರ್ಷದ ನಂತರ ಹೆಚ್ಚು ಸಂಬಳದ ಹೊಸಬರಿಂದ ತುಂಬಿಕೊಂಡಿತು. ಹಳಬರ ಕಾಫಿ ಮಗ್‌ಗಳು ಇನ್ನೂ ಕಪಾಟಿನಲ್ಲಿದ್ದವು. ಜರ್ಮನಿಯ ನಮ್ಮ ಕಾರ್ಖಾನೆಯಲ್ಲಿ ಎಪ್ಪತ್ತು ಜನರೂ ಅವರವರ ಮಗ್ ಸಮೇತ ಉಳಿದಿದ್ದರು.

ಆದರೆ ಹಾಗೆ ಉಳಿಸಿಕೊಳ್ಳಲು ಸರ್ಕಾರಗಳು ಎತ್ತಿದ ಸಾಲ ಬೆಟ್ಟವಾಗಿತ್ತು. ಯಾವ ದೇಶ ಎಷ್ಟು ಸಾಲ ಮಾಡಬಹುದು ಅಂತ ತಾವೇ ಹಾಕಿಕೊಂಡಿದ್ದ ನಿಯಮವನ್ನು ತಾವೇ ಪಕ್ಕಕ್ಕಿಟ್ಟಿದ್ದರು. ಮತ್ತೆ ಯಾವಾಗ ಜಾರಿಗೆ ತರುವುದು ಅಂತ ಯಾರೂ ಬಾಯಿಬಿಡುತ್ತಿರಲಿಲ್ಲ. ಅಷ್ಟರಲ್ಲಿ ಬೆಲೆ ಏರಿತು. ಇದು ತಾತ್ಕಾಲಿಕ ಅಂತ ಅವರ ಕೇಂದ್ರ ಬ್ಯಾಂಕು ಹೇಳಿತು, ತಾತ್ಕಾಲಿಕ ಅಂತ ಮತ್ತೆ ಹೇಳಿತು, ಆಮೇಲೆ ಗಡಬಡಿಸಿ ಬಡ್ಡಿ ಏರಿಸಿತು. ಯೂರೋ ಬಳಸುವ ಹತ್ತೊಂಬತ್ತು ದೇಶಕ್ಕೆ ಬಡ್ಡಿ ದರ ಒಂದೇ. ಹತ್ತೊಂಬತ್ತು ಮನೆಗೆ ಒಂದೇ ಒಲೆ, ಆದರೆ ಪ್ರತಿ ಮನೆಗೂ ಬೇರೆ ಬೇರೆ ಪರ್ಸು. ಒಲೆ ಜೋರು ಮಾಡಿದರೆ ಒಬ್ಬರ ಹಾಲು ಉಕ್ಕುತ್ತದೆ, ಸಣ್ಣ ಮಾಡಿದರೆ ಇನ್ನೊಬ್ಬರ ಬೇಳೆ ಬೇಯುವುದಿಲ್ಲ. ಜನರ ಗ್ಯಾಸ್ ಬಿಲ್ಲಿಗೆ ಸಹಾಯ ಕೊಟ್ಟರೆ ಬೆಲೆ ಇನ್ನೂ ಏರುತ್ತದೆ, ಕೊಡದಿದ್ದರೆ ಸರ್ಕಾರ ಉಳಿಯುವುದಿಲ್ಲ. ಈ ಕೊನೆಯ ವಾಕ್ಯವನ್ನು ನಾನು ವರದಿಯಲ್ಲಿ ನಾಲ್ಕು ಪುಟ ಮಾಡಿ ಬರೆದಿದ್ದೆ.

ಕಾರ್ಖಾನೆಯ ಕಡೆಯಿಂದ ನನಗೆ ಮಾಹಿತಿ ಕೊಡುತ್ತಿದ್ದವಳು ಬಿರ್ಗಿಟ್. ಅಲ್ಲಿನ ಪ್ಲ್ಯಾನಿಂಗ್ ಎಲ್ಲ ಅವಳದೇ, ವಯಸ್ಸು ಹೆಚ್ಚುಕಡಿಮೆ ನನ್ನದೇ. ಪ್ರತಿ ಮಂಗಳವಾರ ನನ್ನ ಬೆಳಿಗ್ಗೆ ಏಳಕ್ಕೆ, ಅವಳ ಮಧ್ಯಾಹ್ನ ಎರಡಕ್ಕೆ ಕಾಲ್. ನಾನು ಪ್ರಳಯದ ಬಗ್ಗೆ ಕೇಳಿದರೆ ಅವಳು ಹವಾಮಾನದ ಬಗ್ಗೆ ಹೇಳುತ್ತಿದ್ದಳು.

"ಬಿರ್ಗಿಟ್, ಗ್ಯಾಸ್ ಪೂರ್ತಿ ನಿಂತರೆ ಏನು ಮಾಡ್ತೀರಿ?"

"ಸ್ವೆಟರ್ ಹಾಕ್ಕೋತೀವಿ."

"ಅಲ್ಲ, ಆರ್ಡರ್‌ಗಳು?"

"ಬರ್ತಿವೆ. ಪರವಾಗಿಲ್ಲ. ನೀವು ತಿಂಡಿ ತಿಂದ್ರಾ?"

ಆಗಸ್ಟ್‌ನಲ್ಲಿ ವರದಿ ಬರೆದು ಕಳಿಸಿದೆ, ನಲವತ್ತು ಪುಟ. ಮೂರನೇ ಸಾಲು ಯಥಾಪ್ರಕಾರ ದುಪ್ಪಟ್ಟು. ಬಾಸ್ ಬದಲಾಗಿದ್ದಾರೆ, ಈ ಅರ್ಧ ಕಳೆಯುವ ಪದ್ಧತಿ ಅವರಿಗೆ ಗೊತ್ತಿಲ್ಲ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಇಡೀ ಯುರೋಪಿನ ಬಗ್ಗೆ ಯೋಚಿಸುವವಳಿಗೆ ಅಷ್ಟು ಸಣ್ಣ ವಿಷಯ ಎಲ್ಲಿ ಹೊಳೆಯಬೇಕು.

ವಾರದ ಮೇಲೆ ಡೆನೀಸ್ ಫೋನ್ ಮಾಡಿದರು. "ನಿಮ್ಮ ವರದಿ ತುಂಬಾ ಸ್ಪಷ್ಟವಾಗಿತ್ತು, ಸುಮಾ. ಥ್ಯಾಂಕ್ಸ್." ನನ್ನ ಬರಹವನ್ನು ಸ್ಪಷ್ಟ ಅಂದವರು ಅವರೇ ಮೊದಲು. ಅರ್ಧ ಗಂಟೆ ಹಿಗ್ಗಿದೆ. ಆಮೇಲೆ ಅವರು ಕಳಿಸಿದ್ದ ಫೈಲ್ ತೆರೆದೆ. ಚಳಿಗಾಲಕ್ಕೆ ಮುಂಚೆಯೇ ಜರ್ಮನಿಯ ಕಾರ್ಖಾನೆ ಮುಚ್ಚಿ, ಕೆಲಸವನ್ನು ಡಾಲಸ್ ಹೊರವಲಯಕ್ಕೆ ತರುವ ಯೋಜನೆ. ಕಾರಣ ಅನ್ನುವ ಕಡೆ ನನ್ನ ಮೂರನೇ ಸಾಲು ಇತ್ತು, ಒಂದು ಅಕ್ಷರ ಬದಲಾಗದೆ. ಬಿಸಿಲಲ್ಲಿ ನಿಂತಿದ್ದ ಕಲಬುರಗಿಯ ಹುಡುಗಿ ಕಣ್ಣ ಮುಂದೆ ಬಂದಳು.

ಮಂಗಳವಾರ ಬಿರ್ಗಿಟ್ ಕಾಲ್‌ಗೆ ಬಂದಳು. "ಸರ್ಕಾರದ ಅರ್ಧ ಕೆಲಸದ ಯೋಜನೆಗೆ ಈ ಚಳಿಗಾಲಕ್ಕೂ ಅರ್ಜಿ ಹಾಕಬಹುದು. ಹಾಕಲಾ ಅಂತ ಡೆನೀಸ್‌ಗೆ ಎರಡು ಸಲ ಬರೆದೆ, ಉತ್ತರ ಇಲ್ಲ. ನಿಮಗೇನಾದ್ರೂ ಗೊತ್ತಾ?"

"ಇಲ್ಲ," ಅಂದೆ.

"ಸರಿ," ಅಂದಳು. ಆವತ್ತು ತಿಂಡಿಯ ವಿಷಯ ಕೇಳಲಿಲ್ಲ.

ಸಂಜೆ ಶ್ರೀಧರ್ ತರಕಾರಿ ಹೆಚ್ಚುತ್ತಿದ್ದಾಗ ಎಲ್ಲ ಹೇಳಿದೆ. ಅವರು ಚಾಕು ಕೆಳಗಿಟ್ಟರು.

"ಎಷ್ಟು ಜನ?"

"ಎಪ್ಪತ್ತು."

"ಹೋಗಿ ಹೇಳು ಮತ್ತೆ. ಇದು ದುಪ್ಪಟ್ಟು ಅಂತ."

"ನಾಲ್ಕು ವರ್ಷದಿಂದ ಸುಳ್ಳು ಅಂಕಿ ಕೊಟ್ಟಿದ್ದೀನಿ ಅಂತಾಗುತ್ತೆ ರೀ. ಕೆಲಸದಿಂದ ತೆಗೀತಾರೆ. ವೀಸಾ ಇರೋದು ನನ್ನ ಕೆಲಸದ ಮೇಲೆ. ಅರವತ್ತು ದಿನದಲ್ಲಿ ಇನ್ನೊಂದು ಸಿಗಲಿಲ್ಲ ಅಂದ್ರೆ ಮನೆ ಮಾರಿ, ಅನಘಾಳ ಸ್ಕೂಲ್ ಬಿಡಿಸಿ..."

"ಇದನ್ನೂ ದುಪ್ಪಟ್ಟು ಮಾಡಿ ಹೇಳ್ತಿದ್ದೀಯಾ?"

ತಮಾಷೆಗೆ ಕೇಳಿದ್ದು. ಆದರೆ ನಾನು ನಿಜವಾಗಿ ಯೋಚಿಸಿದೆ. "ನನಗೇ ಗೊತ್ತಾಗ್ತಿಲ್ಲ ರೀ," ಅಂದೆ. ಶ್ರೀಧರ್ ನಗಲಿಲ್ಲ. "ಶುಕ್ರವಾರ ರಜಾ ಹಾಕ್ತೀನಿ. ಹ್ಯೂಸ್ಟನ್‌ಗೆ ಹೋಗೋಣ. ಫೋನಲ್ಲಿ ಹೇಳೋ ವಿಷಯ ಅಲ್ಲ ಇದು," ಅಂದರು. ಸ್ವಲ್ಪ ತಡೆದು, "ಅಲ್ಲಿ ಹಿಲ್‌ಕ್ರಾಫ್ಟ್‌ನ ಇಂಡಿಯನ್ ಅಂಗಡಿಗಳಲ್ಲಿ ಬ್ಯಾಡಗಿ ಮೆಣಸಿನಕಾಯೂ ತರಬಹುದು," ಅಂತ ಸೇರಿಸಿದರು. ನನ್ನ ಗಂಡ ಯಾವ ಪ್ರಳಯಕ್ಕೂ ಒಂದು ದಿನಸಿ ಪಟ್ಟಿ ಹೊಂದಿಸಬಲ್ಲವರು.

ಮೂರು ಗಂಟೆಯ ದಾರಿ. ಹಿಲ್‌ಕ್ರಾಫ್ಟ್‌ನಲ್ಲಿ ಮೊದಲು ತಿಂಡಿ. ಶ್ರೀಧರ್ ತಮ್ಮ ದೋಸೆಯನ್ನೂ ತಿಂದು ನನ್ನದನ್ನೂ ತಿಂದರು. ಆಮೇಲೆ ನನ್ನನ್ನು ಆಫೀಸಿನ ಮುಂದೆ ಇಳಿಸಿ ಮೆಣಸಿನಕಾಯಿಗೆ ಹೋದರು.

ಡೆನೀಸ್ ಕೋಣೆಯಲ್ಲಿ ಎಸಿ ಎಷ್ಟಿತ್ತೆಂದರೆ ನನ್ನ ವರದಿಯ ಚಳಿಗಾಲ ಅಲ್ಲಿಗಾಗಲೇ ಬಂದಿತ್ತು. ಬರುವಾಗ ಕಾರಿನಲ್ಲಿ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಆ ಮೂರನೇ ಸಾಲು ದುಪ್ಪಟ್ಟಾಗಿದೆ," ಅಂದೆ.

"ಯಾವುದರ ದುಪ್ಪಟ್ಟು?"

"ನಾನು ನಂಬಿದ್ದರ ದುಪ್ಪಟ್ಟು. ವೇಯ್ನ್ ಅರ್ಧ ಕಳೆದು ಓದ್ತಿದ್ರು. ಅದಕ್ಕೇ ನಾನು..."

"ಎಷ್ಟು ಕಾಲದಿಂದ?"

"ನಾಲ್ಕು ವರ್ಷ."

ಡೆನೀಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದರೆ ನಾನು ಅದರಲ್ಲಿ ಅರ್ಧ ಕಳೆದರೆ ಸಾಕಾ? ಅದು ಸರಿಯಾದ ಸಂಖ್ಯೆಯಾ?"

ಹೌದು ಅಂದುಬಿಡಬಹುದಿತ್ತು. ಆದರೆ ಆ ಅರ್ಧವೂ ಯುರೋಪಿನದ್ದಲ್ಲ ಅಂತ ನನಗೆ ಒಳಗೊಳಗೇ ಗೊತ್ತಿತ್ತು. ಅದಕ್ಕೆ ಹಿಂದಿನ ವರ್ಷ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿದಾಗ ಮೂರು ದಿನ ನಮ್ಮ ಮನೆಗೆ ಕರೆಂಟ್ ಇರಲಿಲ್ಲ. ಮೂವರೂ ಇದ್ದಬದ್ದ ಕಂಬಳಿ, ರೇಷ್ಮೆ ಸೀರೆ, ಯೋಗದ ಚಾಪೆ ಎಲ್ಲ ಹೊದ್ದುಕೊಂಡು ಒಂದೇ ಮಂಚದಲ್ಲಿ ಕೂತಿದ್ದೆವು. ಅನಘಾ ಬಾಯಿಂದ ಹೊಗೆ ಬಿಟ್ಟು ತೋರಿಸಿ ನಗುತ್ತಿದ್ದಳು, ನಾನು ಆ ಹೊಗೆ ಎಣಿಸುತ್ತಿದ್ದೆ. ಜರ್ಮನಿಯ ಚಳಿಗಾಲ ಅಂತ ನಾನು ನಲವತ್ತು ಪುಟದಲ್ಲಿ ಬರೆದದ್ದು ಆ ಮಂಚವನ್ನೇ.

"ಸರಿಯಾದ ಸಂಖ್ಯೆ ನನ್ನ ಹತ್ತಿರ ಇಲ್ಲ," ಅಂದೆ.

ಡೆನೀಸ್ ಕನ್ನಡಕ ಮತ್ತೆ ಹಾಕಿಕೊಂಡರು. "ಡಾಲಸ್‌ನಲ್ಲಿ ನಿರ್ಧಾರ ಮಾಡೋ ಮೀಟಿಂಗಿಗೆ ಹತ್ತು ದಿನ ಇದೆ. ಎರಡು ಪುಟ ಬರೆದು ತನ್ನಿ. ನಾನು ಎಷ್ಟು ಕಳೀತೀನಿ, ಎಷ್ಟು ಕೂಡ್ತೀನಿ ಅಂತ ಊಹೆ ಮಾಡಬೇಡಿ. ನಿಮ್ಮ ಕೆಲಸದ ವಿಷಯ ಆಮೇಲೆ ಮಾತಾಡೋಣ."

'ಆಮೇಲೆ' ಅನ್ನುವ ಒಂದು ಪದ ಚಿಂತೆಗೆ ಸಾಕಾಯಿತು, ವಾಪಸ್ ಬರುವ ಮೂರು ಗಂಟೆಗೂ. ಕಾರೆಲ್ಲ ಮೆಣಸಿನಕಾಯಿಯ ಘಾಟು. ಇಬ್ಬರೂ ಸೀನುತ್ತಾ ಬಂದೆವು.

ಆ ಹತ್ತು ದಿನ ನಾನು ಬಿರ್ಗಿಟ್‌ಗೆ ಪ್ರತಿದಿನ ಫೋನ್ ಮಾಡಿದೆ. ನಾಲ್ಕು ವರ್ಷದಲ್ಲಿ ಕೇಳದ ಪ್ರಶ್ನೆ ಕೇಳಿದೆ. ಕಾರ್ಖಾನೆಗೆ ಗ್ಯಾಸ್ ನಿಜವಾಗಿ ಎಲ್ಲಿ ಬೇಕು? ಟೆಸ್ಟ್ ಮಾಡುವ ಒಂದು ಕೋಣೆಗೆ, ಮತ್ತೆ ಜನ ಬೆಚ್ಚಗಿರಲು, ಅಷ್ಟೇ. ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ಕರೆಂಟ್ ಸಾಕು. ಗ್ಯಾಸಿನ ಕರಾರು? ಹಳೆಯ ದರದಲ್ಲಿ ಇನ್ನೂ ಒಂದು ವರ್ಷ ಇದೆ. ಕೆಲಸದವರನ್ನು ಈಗ ಕಳಿಸಿ, ಆಮೇಲೆ ಕರೆದರೆ? "ಬರಲ್ಲ," ಅಂದಳು ಬಿರ್ಗಿಟ್. "ಊರಲ್ಲಿ ಈ ಕೆಲಸ ಗೊತ್ತಿರೋರು ಎಪ್ಪತ್ತೇ ಜನ. ಎಪ್ಪತ್ತೂ ಇಲ್ಲೇ ಇದ್ದಾರೆ."

"ಆರ್ಡರ್‌ಗಳು ಬೀಳಲ್ವಾ ಹಾಗಾದ್ರೆ? ಎಲ್ಲರೂ ಖರ್ಚು ಹಿಡೀತಿದ್ದಾರೆ."

"ಸುಮಾ, ನಾವು ಮಾಡೋದು ಏನು?"

"ಹೀಟಿಂಗ್ ಕಂಟ್ರೋಲ್."

"ಗ್ಯಾಸ್ ದುಬಾರಿಯಾದಾಗ ಜನ ಮೊದಲು ಏನು ಕೊಳ್ತಾರೆ?"

ಚಳಿಗೆ ಹೆದರಿದವರೇ ನಮ್ಮ ಗಿರಾಕಿಗಳು ಎಂಬ ಮಾತು ನನ್ನ ನಲವತ್ತು ಪುಟದಲ್ಲಿ ಎಲ್ಲೂ ಇರಲಿಲ್ಲ. ಕೇಂದ್ರ ಬ್ಯಾಂಕಿನ ಬಡ್ಡಿ ಇತ್ತು, ದಕ್ಷಿಣದ ದೇಶಗಳ ಸಾಲ ಇತ್ತು, ನದಿಯಲ್ಲಿ ನೀರು ಇಳಿದು ದೋಣಿ ನಿಂತದ್ದೂ ಇತ್ತು. ಇದೊಂದು ಇರಲಿಲ್ಲ.

ಬಿರ್ಗಿಟ್ ತನ್ನ ಆರ್ಡರ್ ಪಟ್ಟಿ ಕಳಿಸಿದಳು. ನಾನು ಎರಡು ಪುಟ ಬರೆದೆ. ಬರೆಯುವಾಗ ಕೈ ತಾನಾಗಿ ಸಂಖ್ಯೆ ಏರಿಸಲು ಹೋಗುತ್ತಿತ್ತು, ಬಸ್ಸಿನಲ್ಲಿ ನಿದ್ದೆ ಬಂದವರ ತಲೆ ವಾಲಿದ ಹಾಗೆ. ಎಳೆದು ಸರಿ ಮಾಡಿ ಕೂರಿಸಿದೆ. ಅರ್ಧ ಕೆಲಸದ ಯೋಜನೆಗೆ ಅರ್ಜಿ ಹಾಕಿ, ಚಳಿಗಾಲ ದಾಟಿಸಿ, ಏಪ್ರಿಲ್‌ನಲ್ಲಿ ಮತ್ತೆ ನೋಡಿ ಅಂತ ಕೊನೆಗೆ ಬರೆದೆ.

ಡಾಲಸ್ ಮೀಟಿಂಗಿಗೆ ನನ್ನನ್ನು ಒಳಗೆ ಕರೆಯಲಿಲ್ಲ. ಹೊರಗೆ ಕೂತು ಗೋಡೆಯ ಮೇಲಿನ ಎತ್ತಿನ ಚಿತ್ರವನ್ನು ಒಂದೂವರೆ ಗಂಟೆ ನೋಡಿದೆ. ಡೆನೀಸ್ ಹೊರಗೆ ಬಂದು, "ಮುಚ್ಚಲ್ಲ. ಏಪ್ರಿಲ್‌ವರೆಗೆ ಅರ್ಧ ಕೆಲಸ," ಅಂದರು. ನಾನು ಎದ್ದು ನಿಂತೆ. ಅವರು ಮುಂದುವರಿಸಿದರು: "ವೇಯ್ನ್‌ಗೆ ಫೋನ್ ಮಾಡಿದ್ದೆ. ಅವರು ಅರ್ಧ ಕಳೀತಿರಲಿಲ್ವಂತೆ. ಎರಡನೇ ವರದಿ ಆದಮೇಲೆ ನಿಮ್ಮ ಮೂರನೇ ಸಾಲು ಓದೋದೇ ಬಿಟ್ಟಿದ್ರಂತೆ."

ನಾಲ್ಕು ವರ್ಷ, ವರ್ಷಕ್ಕೆ ನಾಲ್ಕು ಸಲ, ಯಾರೂ ಓದದ ಒಂದು ಸಾಲಿಗಾಗಿ ನಾನು ನಿದ್ದೆಗೆಟ್ಟಿದ್ದೆ. ಕೆಲಸ ಹೋಗಲಿಲ್ಲ. ನನ್ನ ಫೈಲಿಗೆ ಎಚ್ಚರಿಕೆಯ ಒಂದು ಕಾಗದ ಸೇರಿತು, ಆ ವರ್ಷದ ಬೋನಸ್ ಬರಲಿಲ್ಲ. ವೀಸಾ ಹಾಗೇ ಇತ್ತು, ಮನೆ ಹಾಗೇ ಇತ್ತು. "ನಿನ್ನ ತೀರಾ ಕೆಟ್ಟದ್ದು ಇಷ್ಟೇನಾ?" ಅಂದರು ಶ್ರೀಧರ್.

ಚಳಿಗಾಲ ಕಳೆಯಿತು. ಯುರೋಪಿನ ಉಗ್ರಾಣಗಳು ಬರಿದಾಗಲಿಲ್ಲ. ಸಾಲದ ನಿಯಮದ ಬಗ್ಗೆ ಅವರ ಜಗಳ ಮುಗಿಯಲಿಲ್ಲ, ಬಡ್ಡಿ ಏರುವುದು ನಿಲ್ಲಲಿಲ್ಲ, ಆದರೆ ಯಾರೂ ಯೋಗದ ಚಾಪೆ ಹೊದೆಯಲಿಲ್ಲ. ಡಾಲಸ್‌ನಲ್ಲಿ ನನ್ನ ಎರಡು ಪುಟವನ್ನು ಹೊಸಬರಿಗೆ ಮಾದರಿಯಾಗಿ ತೋರಿಸುತ್ತಿದ್ದಾರೆ ಅಂತ ಕೇಳಿ ನನಗೆ ಹೊಸ ಚಿಂತೆ ಶುರುವಾಯಿತು. ಏಪ್ರಿಲ್‌ಗೆ ಮುಂಚಿನ ಒಂದು ಮಂಗಳವಾರ ತಡೆಯಲಾರದೆ ಬಿರ್ಗಿಟ್‌ಗೆ ಎಲ್ಲ ಹೇಳಿಬಿಟ್ಟೆ. ನಿಮ್ಮ ಕಾರ್ಖಾನೆ ಮುಚ್ಚಿಸಲು ಹೊರಟಿದ್ದು ನನ್ನ ಸಾಲು, ಆವತ್ತು ಗೊತ್ತಿಲ್ಲ ಅಂದದ್ದು ಸುಳ್ಳು ಅಂತ.

ಆ ಕಡೆ ಅವಳು ಎದ್ದು ಬಾಗಿಲು ಮುಚ್ಚಿ ಬಂದದ್ದು ಕೇಳಿಸಿತು.

"ನೀವು ಕೆಟ್ಟದ್ದನ್ನ ಹೆಚ್ಚು ಮಾಡಿ ಬರೀತೀರಿ ಅಂತ ನನಗೆ ಮೊದಲಿಂದಲೂ ಗೊತ್ತಿತ್ತು," ಅಂದಳು. "ಅದಕ್ಕೇ ನಾನು ಆರ್ಡರ್ ಪಟ್ಟಿಯಲ್ಲಿ ಸಹಿ ಆಗದೇ ಇರೋವನ್ನೂ ಸೇರಿಸಿ ಕಳಿಸ್ತಿದ್ದೆ. ಹೇಗೂ ನೀವು ಇಳಿಸಿ ಬರೀತೀರಿ, ಸರಿಹೋಗುತ್ತೆ ಅಂತ."

"ಆ ಹತ್ತು ದಿನ ಕಳಿಸಿದ ಪಟ್ಟಿ?"

"ಅದೂ."

"ನಾನು ಅದನ್ನ ಇಳಿಸಲಿಲ್ಲ, ಬಿರ್ಗಿಟ್. ಇದ್ದ ಹಾಗೇ ಹಾಕಿದೆ."

"ಅಯ್ಯೋ ದೇವರೇ," ಅಂದಳು, ಅವಳ ಭಾಷೆಯಲ್ಲಿ.

"ಆ ಆರ್ಡರ್‌ಗಳು ಬಂದ್ವಾ?"

"ಅರ್ಧ ಬಂದ್ವು."

ಆವತ್ತೇ ಇಬ್ಬರೂ ಸೇರಿ ಡೆನೀಸ್‌ಗೆ ಬರೆದೆವು. ಮೊದಲು ಯಾರ ಹೆಸರು ಹಾಕಬೇಕು ಅಂತ ಸ್ವಲ್ಪ ಜಗ್ಗಾಡಿ, ಕೊನೆಗೆ ತಪ್ಪಿನ ವಿಷಯವಾದ್ದರಿಂದ ವಯಸ್ಸಿನ ಪ್ರಕಾರ ಹಾಕೋಣ ಅಂದುಕೊಂಡೆವು. ಮೂರು ತಿಂಗಳ ಮಟ್ಟಿಗೆ ನಾನೇ ಹಿರಿಯಳು. ಡೆನೀಸ್ ಉತ್ತರ ಎರಡು ಸಾಲು: ಕಾರ್ಖಾನೆ ನಡೆಯುತ್ತಿದೆ, ನಡೆಯಲಿ. ಇನ್ನು ಮುಂದೆ ವರದಿಯನ್ನು ಇಬ್ಬರೂ ಒಂದೇ ಕಾಲ್‌ನಲ್ಲಿ ಕೂತು ಬರೆಯಿರಿ.

ಆ ಎಪ್ಪತ್ತು ಜನ ಯಾವುದರಿಂದ ಉಳಿದರು ಅಂತ ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನನ್ನ ಮೊದಲ ಅಂಕಿಯಲ್ಲಿ ಭಯ ಬೆರೆತಿತ್ತು, ಎರಡನೆಯದರಲ್ಲಿ ಬಿರ್ಗಿಟ್‌ಳ ಆಸೆ. ಆ ವರ್ಷ ಯುರೋಪಿನಲ್ಲಿ ಡಿಸೆಂಬರ್ ಕೊನೆಯಿಂದ ಮುಂದಕ್ಕೆ ಅಂಥಾ ಚಳಿಯೇ ಬೀಳಲಿಲ್ಲ. ಜನವರಿಯಲ್ಲಿ ಅವರ ಊರಿನವರು ಸ್ವೆಟರ್ ಬಿಚ್ಚಿ ಓಡಾಡಿದರಂತೆ. ಇಡೀ ವರದಿಯಲ್ಲಿ ನಾವಿಬ್ಬರೂ ಕೈಯಾಡಿಸದೆ ಬಿಟ್ಟಿದ್ದು ಹವಾಮಾನವೊಂದನ್ನೇ.